ಕಮೊಡೋರ್ 64ಕ್ಕೆ ಒಂದೇ ಪುಟದ ಮೆನು ಲೈಬ್ರರಿ: ಅಸೆಂಬ್ಲಿಯಲ್ಲಿ ಕಟ್ಟುವ ಬಗೆ

1980ರ ದಶಕದ ಮನೆಬಳಕೆಯ ಕಂಪ್ಯೂಟರ್ ಕಮೊಡೋರ್ 64ರಲ್ಲಿ ಮೆನು ಅಂದರೆ ಇಷ್ಟೇ: ಪರದೆಯ ಮೇಲೆ ನಾಲ್ಕಾರು ಸಾಲು, ಅದರಲ್ಲೊಂದರ ಮೇಲೆ ಆಯ್ಕೆ ತೋರಿಸುವ ಬಣ್ಣದ ಪಟ್ಟಿ. ಕರ್ಸರ್ ಕೀ ಒತ್ತಿದರೆ ಪಟ್ಟಿ ಮೇಲೆ ಕೆಳಗೆ ಓಡಬೇಕು, ರಿಟರ್ನ್ ಒತ್ತಿದರೆ ಆಯ್ಕೆಯ ಸಂಖ್ಯೆ ಕೈಗೆ ಬರಬೇಕು. ಕೀಬೋರ್ಡ್ ಮಾತ್ರ ಸಾಕು ಎನ್ನುವವರಿಗೆ ಇದೆಲ್ಲ 256 ಬೈಟಿನ ಒಂದು ಪುಟದೊಳಗೆ ಆರಾಮಾಗಿ ಕೂರುತ್ತದೆ. ಲೆಕ್ಕಾಚಾರವನ್ನೆಲ್ಲ ಅಸೆಂಬ್ಲರ್‌ನ (ಅಸೆಂಬ್ಲಿ ಬರಹವನ್ನು ಯಂತ್ರದ ಅಂಕಿಗಳಾಗಿಸುವ ಪ್ರೋಗ್ರಾಂ) ತಲೆಗೆ ಕಟ್ಟಿ, ಯಂತ್ರಕ್ಕೆ ಸಿದ್ಧ ಅಂಕಿಗಳನ್ನಷ್ಟೇ ಕೊಡುವುದು ಇದರ ಉಪಾಯ.

ಇಲ್ಲಿನ ವಿಳಾಸಗಳೆಲ್ಲ ದಶಮಾಂಶದಲ್ಲಿವೆ, ಯಂತ್ರದಲ್ಲೇ ಇರುವ ಬೇಸಿಕ್ ಭಾಷೆಯಿಂದ ಪೋಕ್ ಮಾಡಿ (ವಿಳಾಸಕ್ಕೆ ಅಂಕಿ ಬರೆದು) ನೋಡಬಹುದು. ಕೋಡ್ ಕೂರಿಸಲು 49152ರಿಂದ 53247ರವರೆಗಿನ 4 ಕಿಲೋಬೈಟ್ ಒಳ್ಳೆಯ ಜಾಗ, ಬೇಸಿಕ್ ಅತ್ತ ತಲೆ ಹಾಕುವುದಿಲ್ಲ. ಝೀರೋ ಪೇಜಿನಲ್ಲಿ (ಮೆಮರಿಯ ಮೊದಲ 256 ಬೈಟು) ಖಾಲಿ ಇರುವುದು 2 ಮತ್ತು 251ರಿಂದ 254. ಇವನ್ನು ಹೀಗೆ ಹಂಚಿಕೊಳ್ಳಿ: 251–252 ಪರದೆಯ ಪಾಯಿಂಟರ್ (ವಿಳಾಸ ಹಿಡಿದಿಡುವ ಎರಡು ಬೈಟು), 253–254 ಮಾಹಿತಿಯ ಪಾಯಿಂಟರ್, 2ರಲ್ಲಿ ಪಟ್ಟಿಯ ಅಗಲ. ಉಳಿದ ಪುಡಿ ಲೆಕ್ಕಕ್ಕೆ 828ರಿಂದ ಶುರುವಾಗುವ ಟೇಪ್ ಬಫರ್ ಸಾಕು. ಮೆನು ತೆರೆದಿರುವಾಗಲೇ ಕ್ಯಾಸೆಟ್ ಓದಿಸುವ ಪ್ರೋಗ್ರಾಂ ನಿಮ್ಮದಾದರೆ ಮಾತ್ರ ಬೇರೆ ಜಾಗ ಹುಡುಕಿ.

ಮೊದಲು ಪಟ್ಟಿಯನ್ನೇ ಬರೆಯಿರಿ, ಲೈಬ್ರರಿಯ ಹೃದಯ ಅದು. ರೋಮ್‌ನಲ್ಲಿರುವ (ಯಂತ್ರದ ಅಳಿಸಲಾಗದ ಮೆಮರಿಯಲ್ಲಿರುವ) ಅಕ್ಷರಗಳಲ್ಲಿ 0–127 ಸಾಮಾನ್ಯ ರೂಪ, 128–255 ಅವೇ ಅಕ್ಷರಗಳ ತಿರುಗಿಸಿದ ರೂಪ, ಅಂದರೆ ಅಕ್ಷರದ ಬಣ್ಣವೂ ಹಿನ್ನೆಲೆಯ ಬಣ್ಣವೂ ಅದಲುಬದಲು. ಹಾಗಾಗಿ ಬಿಟ್ 7 (128ರ ಬೆಲೆಯ ಬಿಟ್) ಒಂದನ್ನು ಹೊರಳಿಸಿದರೆ ಪಟ್ಟಿ ಬರುತ್ತದೆ, ಮತ್ತೊಮ್ಮೆ ಹೊರಳಿಸಿದರೆ ಹೋಗುತ್ತದೆ. ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ರೂಟೀನ್, ಅದೂ 12 ಬೈಟು (ಸಾಲಿಗೊಂದು ಸೂಚನೆ):

164 2
177 251
73 128
145 251
136
16 247
96

ಮೊದಲ ಸಾಲು 2ರಲ್ಲಿರುವ ಅಗಲವನ್ನು ಪ್ರೊಸೆಸರ್‌ನ ವೈ ರೆಜಿಸ್ಟರ್‌ಗೆ ತುಂಬುತ್ತದೆ. ನಂತರ ಪರದೆಯಿಂದ ಒಂದು ಅಕ್ಷರ ಓದಿ, 128ರೊಂದಿಗೆ ಇಒಆರ್ ಮಾಡಿ (ಆ ಅಂಕಿಯಲ್ಲಿರುವ ಬಿಟ್‌ಗಳನ್ನು ಹೊರಳಿಸಿ), ಅಲ್ಲೇ ಮರಳಿ ಬರೆದು, ವೈ ಒಂದು ಇಳಿಸಿ, ಸೊನ್ನೆ ದಾಟುವವರೆಗೆ ಸುತ್ತುತ್ತದೆ. ಕಡೆಯ 96 ಆರ್‌ಟಿಎಸ್, ಕರೆದಲ್ಲಿಗೆ ಮರಳುವ ಸೂಚನೆ. ಲೂಪ್ ಸೊನ್ನೆಯನ್ನೂ ಎಣಿಸುವುದರಿಂದ 2ರಲ್ಲಿ ಇಡಬೇಕಾದದ್ದು ಅಗಲಕ್ಕಿಂತ ಒಂದು ಕಡಿಮೆ: 20 ಅಕ್ಷರಕ್ಕೆ 19. 20 ಎಂದೇ ಇಟ್ಟರೆ ಪಟ್ಟಿ ಬಲಕ್ಕೆ ಒಂದು ಚೌಕ ಉದ್ದವಾಗುತ್ತದೆ. ಒಂದು ಅಕ್ಷರಕ್ಕೆ 18 ಸೈಕಲ್ (ಪ್ರೊಸೆಸರ್‌ನ ಗಡಿಯಾರದ ಬಡಿತ), 20 ಅಕ್ಷರಕ್ಕೆ ಸುಮಾರು 360. ಪಾಲ್ ಎಂಬ ಟಿವಿ ಮಾದರಿಯ ಯಂತ್ರದಲ್ಲಿ ಒಂದು ಫ್ರೇಮಿಗೆ 19656 ಸೈಕಲ್ ಇರುವಾಗ ಇದು ಲೆಕ್ಕಕ್ಕೇ ಇಲ್ಲ. ಇಡೀ ಮೆನುವನ್ನು ಪ್ರತಿ ಕೀಲಿಗೂ ಹೊಸದಾಗಿ ಬರೆಯುವವರ ಪರದೆ ಮಿನುಗುತ್ತದಲ್ಲ, ಆ ಕಾಟ ಇಲ್ಲಿಲ್ಲ.

ಪರೀಕ್ಷೆಗೆ ಆ ಹನ್ನೆರಡು ಅಂಕಿಗಳನ್ನು 49152ರಿಂದ ಪೋಕ್ ಮಾಡಿ. ಆಮೇಲೆ ಪೋಕ್ 251,0, ಪೋಕ್ 252,4, ಪೋಕ್ 2,19, ಕಡೆಗೆ ಆ ಕೋಡನ್ನು ಓಡಿಸುವ ಸಿಸ್ 49152. ಪರದೆಯ ಮೇಲಿನ ಎಡ ಮೂಲೆಯಲ್ಲಿ 20 ಚೌಕ ಉದ್ದದ ಪಟ್ಟಿ ಮೂಡಬೇಕು.

ಕೆಲವು ಹಳೆಯ ಯಂತ್ರಗಳಲ್ಲಿ ಮೂಡುವುದಿಲ್ಲ! ತಪ್ಪು ಕೋಡಿನದ್ದಲ್ಲ. ಆರಂಭದ ಕರ್ನಲ್ (ಯಂತ್ರದ ಮೂಲ ತಂತ್ರಾಂಶ) ರೋಮ್‌ಗಳಲ್ಲೊಂದು ಪರದೆ ಅಳಿಸುವಾಗ ಬಣ್ಣದ ಮೆಮರಿಗೆ ಹಿನ್ನೆಲೆಯ ಬಣ್ಣವನ್ನೇ ತುಂಬುತ್ತದೆ. ನೀಲಿಯ ಮೇಲೆ ನೀಲಿ ಬರೆದರೆ ಕಾಣುವುದೇನು? ಆದ್ದರಿಂದ ಅಕ್ಷರದ ಜೊತೆ ಬಣ್ಣವನ್ನೂ ನೀವೇ ಬರೆಯಬೇಕು. ಅದಕ್ಕೊಂದು ಸೊಗಸಾದ ಅಡ್ಡದಾರಿ ಇದೆ. ಪರದೆಯ ಮೆಮರಿ 1024ರಿಂದ, ಬಣ್ಣದ್ದು 55296ರಿಂದ. ಎರಡರ ಲೋ ಬೈಟ್ (ವಿಳಾಸವನ್ನು 256ರಿಂದ ಭಾಗಿಸಿದ ಶೇಷ) ಒಂದೇ. ಹೈ ಬೈಟ್ (ಭಾಗಲಬ್ಧ) ಪರದೆಗೆ 4ರಿಂದ 7, ಬಣ್ಣಕ್ಕೆ 216ರಿಂದ 219. 252ರಲ್ಲಿರುವುದನ್ನು 220ರೊಂದಿಗೆ ಇಒಆರ್ ಮಾಡಿದರೆ ಪರದೆಯ ಪಾಯಿಂಟರ್ ಬಣ್ಣದ್ದಾಗುತ್ತದೆ, ಇನ್ನೊಮ್ಮೆ ಮಾಡಿದರೆ ವಾಪಸ್. ಕೂಡುವುದು, ಕಳೆಯುವುದು, ಕ್ಯಾರಿ ನೋಡಿಕೊಳ್ಳುವುದು ಒಂದೂ ಬೇಡ. ಪರದೆಯನ್ನು 1024ರಿಂದ ಬೇರೆಡೆಗೆ ಸ್ಥಳಾಂತರಿಸಿದ್ದರೆ ಈ 220 ನಡೆಯುವುದಿಲ್ಲ, ನೆನಪಿರಲಿ.

ಇನ್ನು ಮೆನುವಿನ ಮಾಹಿತಿ. ತಲೆಗೆ ಐದು ಬೈಟ್: ಮೊದಲ ಸಾಲಿನ ವಿಳಾಸ (ಲೋ, ಹೈ), ಅಗಲಕ್ಕಿಂತ ಒಂದು ಕಡಿಮೆ, ಸಾಲುಗಳ ಸಂಖ್ಯೆ, ಬಣ್ಣ. ಅದರ ಬೆನ್ನಿಗೆ ಪಠ್ಯ. ಸಾಲು 10, ಅಂಕಣ 10 ಅಂದರೆ 1024 + 400 + 10 = 1434. ಈ ಗುಣಾಕಾರ ಅಸೆಂಬ್ಲರ್ ಮಾಡಲಿ. ಯಂತ್ರದ ಪ್ರೊಸೆಸರ್ 6510ಕ್ಕೆ ಗುಣಾಕಾರದ ಸೂಚನೆಯೇ ಇಲ್ಲ, ಅದನ್ನು ಯಾಕೆ ಗೋಳು ಹೊಯ್ದುಕೊಳ್ಳಬೇಕು? ಸ್ಟಾರ್ಟ್, ಲೋಡ್, ಕ್ವಿಟ್ ಎಂಬ ಮೂರು ಇಂಗ್ಲಿಷ್ ಪದಗಳ ಬಿಳಿ ಮೆನು ಪೂರ್ತಿ 18 ಬೈಟು:

154 5 19 3 1
19 20 1 18 148
12 15 1 132
17 21 9 148

ಪ್ರತಿ ಪದದ ಕಡೆಯ ಅಕ್ಷರಕ್ಕೆ 128 ಕೂಡಿಸಲಾಗಿದೆ: ಟಿ 20, ಹಾಗಾಗಿ 148. ಪದ ಮುಗಿಯಿತು ಎನ್ನಲು ಬೇರೆ ಸೊನ್ನೆ ಬೇಡ, ಸಾಲಿಗೊಂದು ಬೈಟ್ ಉಳಿತಾಯ. ಇವು ಪರದೆಯ ಸಂಕೇತಗಳು, ಪೆಟ್‌ಸ್ಕಿ (ಕಮೊಡೋರ್‌ನ ಸಾಮಾನ್ಯ ಅಕ್ಷರ ಸಂಕೇತ) ಅಲ್ಲ. ಪೆಟ್‌ಸ್ಕಿಯಲ್ಲಿ ಎ ಅಕ್ಷರ 65, ಪರದೆಯಲ್ಲಿ 1. ಪಠ್ಯದ ಬದಲು ಇಸ್ಪೀಟಿನ ಗುರುತು, ಗೆರೆ, ಮೂಲೆಗಳು ಕಂಡರೆ ನೀವು 65 ಕೊಟ್ಟಿದ್ದೀರಿ ಎಂದೇ ಅರ್ಥ. ಅಕ್ಮೆ ಅಸೆಂಬ್ಲರ್‌ನಲ್ಲಿ ಪರದೆ ಸಂಕೇತಕ್ಕೆಂದೇ ಇರುವ ಪಠ್ಯ ಸೂಚನೆಯನ್ನು ಬಳಸಿ, ಪದಗಳನ್ನು ಸಣ್ಣಕ್ಷರದಲ್ಲಿ ಬರೆಯಿರಿ. ದೊಡ್ಡಕ್ಷರದಲ್ಲಿ ಬರೆದರೆ ಅಲ್ಲೂ 65 ಬರುತ್ತದೆ.

ಒಂದು ಪದವನ್ನು ಪರದೆಗೆ ಇಳಿಸುವ ತುಣುಕು:

160 0
177 253
8
41 127
145 251
200
40
16 245

ನಡುವಿನ 8 ಮತ್ತು 40 ಕ್ರಮವಾಗಿ ಪಿಎಚ್‌ಪಿ, ಪಿಎಲ್‌ಪಿ. ಅಕ್ಷರ ಓದಿದ ಕ್ಷಣ ಬಿಟ್ 7 ಇದೆಯೇ ಎಂದು ನೆಗೆಟಿವ್ ಫ್ಲ್ಯಾಗ್ ಹೇಳುತ್ತದೆ, ಆದರೆ 127ರ ಜರಡಿ ಹಿಡಿದ ತಕ್ಷಣ ಅದು ಅಳಿದುಹೋಗುತ್ತದೆ. ಅದಕ್ಕೇ ಫ್ಲ್ಯಾಗ್‌ಗಳನ್ನು ಸ್ಟ್ಯಾಕ್‌ನಲ್ಲಿ ಜೋಪಾನ ಮಾಡಿ ಆಮೇಲೆ ತೆಗೆಯುವುದು. ಲೂಪ್ ಮುಗಿದಾಗ ವೈಯಲ್ಲಿರುವುದು ಪದದ ಉದ್ದ. ಅದನ್ನು ಅಲ್ಲೇ ಸ್ಟ್ಯಾಕ್‌ಗೆ ತಳ್ಳಿ, ಆಮೇಲೆ ಉಳಿದ ಅಗಲಕ್ಕೆ 32 ತುಂಬಿ, ಬಣ್ಣ ಬರೆದು, ಉದ್ದವನ್ನು ತೆಗೆದು 253–254ಕ್ಕೆ ಕೂಡಿಸಿ. ಖಾಲಿ ತುಂಬಿದ ಮೇಲೆ ಉದ್ದ ಉಳಿಸಿಕೊಂಡರೆ ಎರಡನೇ ಸಾಲು ಮೂರನೆಯದರ ನಡುವಿನಿಂದಲೋ ಇನ್ನೆಲ್ಲಿಂದಲೋ ಶುರುವಾಗುತ್ತದೆ.

ಪಾಯಿಂಟರ್ ಹೀಗೆ ಮುಂದೆ ಹೋಗುವುದರಿಂದ, ಪ್ರವೇಶದಲ್ಲೇ ತಲೆಯ ಐದು ಬೈಟನ್ನು 828ರಿಂದ 832ಕ್ಕೆ ನಕಲು ಮಾಡಿ, ಅಗಲವನ್ನು 2ಕ್ಕೂ ಹಾಕಿ, 253–254ಕ್ಕೆ 5 ಕೂಡಿಸಿರಿ. 833 ಸದ್ಯದ ಆಯ್ಕೆಗೆ.

ಸಾಲಿನಿಂದ ಸಾಲಿಗೆ ಹೋಗಲು ಮೇಲಕ್ಕೊಂದು, ಕೆಳಕ್ಕೊಂದು ರೂಟೀನ್ ಬರೆಯುವುದು ದಂಡ. ಪ್ರತಿ ಸಲವೂ 828–829ರ ಮೂಲ ವಿಳಾಸದಿಂದ ಶುರುಮಾಡಿ, ಆಯ್ಕೆಯ ಸಂಖ್ಯೆಯಷ್ಟು ಬಾರಿ 40 ಕೂಡಿಸಿ. 27 ಬೈಟಿನಲ್ಲಿ ಮುಗಿಯುತ್ತದೆ. ಕೊನೆಯ ಸಾಲಿನಿಂದ ಮೊದಲನೆಯದಕ್ಕೆ ಸುತ್ತಿ ಬರುವುದಕ್ಕೂ ಪ್ರತ್ಯೇಕ ಕೋಡ್ ಬೇಕಿಲ್ಲ, 833ರ ಅಂಕಿ ಬದಲಿಸಿದರೆ ಆಯಿತು. ಸಾಲುಗಳ ನಡುವೆ ಒಂದು ಖಾಲಿ ಬೇಕಿದ್ದರೆ 40ರ ಜಾಗದಲ್ಲಿ 80.

ಕೀಲಿ ಓದಲು ಕರ್ನಲ್‌ನ ಗೆಟ್‌ಇನ್, ವಿಳಾಸ 65508. ಏನೂ ಇಲ್ಲದಿದ್ದರೆ ಸೊನ್ನೆ ಕೊಡುತ್ತದೆ. ಕೆಳಗೆ 17, ಮೇಲೆ 145, ರಿಟರ್ನ್ 13. ಕ್ರಮ ಹೀಗೆ: ಹಳೆಯ ಪಟ್ಟಿ ತೆಗೆ, 833 ಬದಲಿಸು, ಹೊಸ ಸಾಲಿನ ವಿಳಾಸ ಕಟ್ಟು, ಪಟ್ಟಿ ಹಾಕು. ಮೊದಲೆರಡು ಅದಲುಬದಲಾದರೂ ನಡೆಯುತ್ತದೆ, ಆದರೆ ವಿಳಾಸ ಕಟ್ಟಿದ ಮೇಲೆ ತೆಗೆಯಲು ಹೋದರೆ ಹಳೆಯ ಪಟ್ಟಿ ಅಲ್ಲೇ ಉಳಿಯುತ್ತದೆ. ಗೆಟ್‌ಇನ್ ಎಕ್ಸ್, ವೈ ಎರಡನ್ನೂ ಕೆಡಿಸಬಲ್ಲದು; ಆಯ್ಕೆಯನ್ನು ಎಕ್ಸ್‌ನಲ್ಲಿ ಇಟ್ಟುಕೊಂಡು ಉಳಿದೀತು ಎಂದುಕೊಳ್ಳಬೇಡಿ.

ಮೆನು ತೆರೆದ ಕೂಡಲೇ ತಾನಾಗಿ ಮೊದಲ ಆಯ್ಕೆ ಆಗಿಬಿಟ್ಟರೆ, ಹಿಂದಿನ ಪರದೆಯಲ್ಲಿ ಒತ್ತಿದ ರಿಟರ್ನ್ ಬಫರ್‌ನಲ್ಲಿ ಕುಳಿತಿದೆ. ಬಫರ್‌ನ ಕೀಲಿಗಳ ಎಣಿಕೆ ಇರುವುದು 198ರಲ್ಲಿ, ಪ್ರವೇಶದಲ್ಲೇ ಅದಕ್ಕೆ ಸೊನ್ನೆ ಹಾಕಿ. ಯಾವ ಕೀಲಿಗೂ ಜಪ್ಪಯ್ಯ ಎನ್ನದಿದ್ದರೆ ಎಲ್ಲೋ ಇಂಟರಪ್ಟ್ (ಪ್ರೋಗ್ರಾಂ ನಡುವೆ ತಡೆದು ಆಗಾಗ ನಡೆಯುವ ಕೆಲಸ) ನಿಲ್ಲಿಸುವ ಎಸ್‌ಇಐ ಕೊಟ್ಟು ಮರೆತಿದ್ದೀರಿ, ಅಥವಾ ನಿಮ್ಮದೇ ಇಂಟರಪ್ಟ್ ರೂಟೀನ್ ಕರ್ನಲ್‌ನ ರೂಟೀನ್ ಇರುವ 59953ಕ್ಕೆ ಜಿಗಿಯದೆ ಮುಗಿಯುತ್ತಿದೆ. ಕೀಬೋರ್ಡ್ ಸ್ಕ್ಯಾನ್ ನಡೆಯುವುದು ಆ ಇಂಟರಪ್ಟ್‌ನಲ್ಲೇ.

ಜಾಯ್‌ಸ್ಟಿಕ್ ಬೇಕಿದ್ದರೆ ಪೋರ್ಟ್ 2, ವಿಳಾಸ 56320. ಪೋರ್ಟ್ 1 ಬೇಡ, ಅದರ ತಂತಿಗಳು ಕೀಬೋರ್ಡಿನ ಜೊತೆ ಬೆರೆತು ಒತ್ತದ ಕೀಲಿಗಳು ಬರುತ್ತವೆ. ಬಿಟ್ 0 ಮೇಲೆ, 1 ಕೆಳಗೆ, 4 ಗುಂಡಿ. ಒತ್ತಿದಾಗ ಬಿಟ್ ಸೊನ್ನೆ. ಒಂದೊಂದೇ ಬಿಟ್ ಬಲಕ್ಕೆ ಸರಿಸಿ ಕ್ಯಾರಿ ನೋಡುವುದು ಅಗ್ಗದ ದಾರಿ. ಕಡ್ಡಿಯನ್ನು ಒಮ್ಮೆ ಅಲ್ಲಾಡಿಸಿದರೆ ಪಟ್ಟಿ ಹತ್ತು ಸುತ್ತು ತಿರುಗಿ ಬರುತ್ತದೆ, ಲೂಪ್ ಅಷ್ಟು ಚುರುಕು. ಕರ್ಸರ್ ಕೀಗೆ ಕರ್ನಲ್ ತಾನೇ ವೇಗ ಕಟ್ಟುತ್ತದೆ, ಇಲ್ಲಿ ನೀವೇ ಕಟ್ಟಬೇಕು. ಸೆಕೆಂಡಿಗೆ 60 ಬಾರಿ ಏರುವ 162ನ್ನು ಓದಿ, 8 ಕೂಡಿಸಿ, ಅದು ಆ ಅಂಕಿಗೆ ಬರುವವರೆಗೆ ಕಾಯಿರಿ: 9 ಬೈಟು. ಗುಂಡಿಗೆ ಮಾತ್ರ ಬಿಡುವವರೆಗೂ ಕಾಯಬೇಕು, ಇಲ್ಲದಿದ್ದರೆ ಒಂದೇ ಒತ್ತಿಗೆ ಮುಂದಿನ ಮೆನುವಿನಲ್ಲೂ ಆಯ್ಕೆ ಆಗಿಹೋಗುತ್ತದೆ.

ಲೈಬ್ರರಿ ಆಯ್ಕೆಯ ಸಂಖ್ಯೆಯನ್ನು ಎ ರೆಜಿಸ್ಟರ್‌ನಲ್ಲಿ ಕೊಟ್ಟು ಸುಮ್ಮನಾಗಲಿ, ಮುಂದಿನ ಜಿಗಿತ ಕರೆದವರ ಪಾಡು. ಬೇಸಿಕ್‌ನಿಂದ ಕರೆಯುವುದಾದರೆ ಸಿಸ್‌ಗೆ ಮೊದಲು ಮೆನುವಿನ ವಿಳಾಸವನ್ನು 780 (ಲೋ), 782ರಲ್ಲಿ (ಹೈ) ಇಡಿ. ಅವು ಎ ಮತ್ತು ವೈಗೆ ಹೋಗುತ್ತವೆ, ಉತ್ತರವೂ 780ರಲ್ಲೇ ಸಿಗುತ್ತದೆ. ಅಸೆಂಬ್ಲಿಯಲ್ಲಾದರೆ ಗುರಿಯ ಹೈ ಬೈಟ್, ಆಮೇಲೆ ಲೋ ಬೈಟ್ ಸ್ಟ್ಯಾಕ್‌ಗೆ ತಳ್ಳಿ ಆರ್‌ಟಿಎಸ್ ಕೊಡಿ. ಆರ್‌ಟಿಎಸ್ ಒಂದನ್ನು ಕೂಡಿಸಿಕೊಂಡು ಜಿಗಿಯುವುದರಿಂದ ಕೋಷ್ಟಕದಲ್ಲಿ ಒಂದು ಕಡಿಮೆ ವಿಳಾಸ ಇರಬೇಕು. ಪರೋಕ್ಷ ಜಂಪ್ ಬಳಸುವವರು ಪಾಯಿಂಟರ್ ಪುಟದ 255ನೇ ಬೈಟಿನಲ್ಲಿ ಕೂರದಂತೆ ನೋಡಿಕೊಳ್ಳಿ: 6510 ಹೈ ಬೈಟನ್ನು ಮುಂದಿನ ಪುಟದಿಂದ ಓದದೆ ಅದೇ ಪುಟದ ಆರಂಭದಿಂದ ಎತ್ತಿಕೊಳ್ಳುತ್ತದೆ. ನಿನ್ನೆ ಸರಿಯಿದ್ದ ಮೆನು, ಮೇಲೆಲ್ಲೋ ಒಂದು ಬೈಟ್ ಸೇರಿಸಿದ್ದಕ್ಕೆ ಇಂದು ನೆಗೆದು ಬೀಳುವುದು ಹೀಗೇ.

ಸ್ವಂತ ಅಕ್ಷರಗಳನ್ನು ಮೆಮರಿಯಲ್ಲಿ ಬಿಡಿಸಿಕೊಂಡವರಿಗೆ ಒಂದು ಮಾತು: ಮೇಲಿನ 128ಕ್ಕೆ ತಿರುಗಿಸಿದ ರೂಪವನ್ನು ನೀವೇ ತುಂಬದಿದ್ದರೆ ಪಟ್ಟಿಯ ಜಾಗದಲ್ಲಿ ಕಸ ಕಾಣುತ್ತದೆ. ಅದಕ್ಕೆ 1 ಕಿಲೋಬೈಟ್ ಕೊಡಲು ಮನಸ್ಸಿಲ್ಲವೇ, ಪಟ್ಟಿಯ ಬದಲು ಸಾಲಿನ ಬಣ್ಣ ಬದಲಿಸಿ. 220ರ ಇಒಆರ್ ಹೇಗೂ ಕೈಯಲ್ಲಿದೆ.