ಮೊದಲು ಬದಲಿಸಿದ್ದು ಬೂಮ್ ಕೆಳಗಿನ ಹಗ್ಗ

ನನ್ನದು ಹಳೆಯ, ಲೇಸರ್ ಅನ್ನುವ ಮಾದರಿಯ ಹಾಯಿದೋಣಿ. 4.23 ಮೀಟರ್ ಉದ್ದ, ಒಂದೇ ಹಾಯಿ. ಹಾಸನದಿಂದ ಟ್ರೇಲರ್‌ನಲ್ಲಿ ಒಯ್ದು, ಅನುಮತಿ ಪಡೆದು ಹೇಮಾವತಿ ಹಿನ್ನೀರಿಗೆ ಇಳಿಸುತ್ತೇನೆ.

ಮುಂಗಾರಿನ ಒಂದು ಮಧ್ಯಾಹ್ನ ದೋಣಿ ಮಗುಚಿತು. ಹಾಯಿಯ ತಳವನ್ನು ಹಿಡಿದಿರುವ ಅಡ್ಡ ಕಂಬವೇ ಬೂಮ್. ಅದು ಮೇಲೇಳದಂತೆ ಕೆಳಕ್ಕೆ ಎಳೆದು ಹಿಡಿಯುವ ಹಗ್ಗಕ್ಕೆ ವ್ಯಾಂಗ್ ಅನ್ನುತ್ತಾರೆ. ಅವತ್ತು ಅದನ್ನು ಜಾಸ್ತಿಯೇ ಬಿಗಿದಿದ್ದೆ. ಗಾಳಿ ಒಮ್ಮೆಲೇ ಬೀಸಿ ದೋಣಿ ವಾಲಿತು. ಹಾಯಿಯನ್ನು ಒಳಕ್ಕೆ ಎಳೆದು ಹಿಡಿಯುವ ಹಾಯಿಹಗ್ಗ ಬಿಟ್ಟೆ. ಬೂಮ್ ಹೊರಗೆ ಹೋಯಿತು, ಆದರೆ ಮೇಲೇಳಲಿಲ್ಲ. ಅದರ ತುದಿ ನೀರಿಗೆ ಸಿಕ್ಕಿಕೊಂಡಿತು. ವ್ಯಾಂಗ್ ಸಡಿಲಿಸೋಣ ಅಂದರೆ ಗಂಟು ಬಿಗಿದು ಕೂತಿತ್ತು. ಲೈಫ್ ಜಾಕೆಟ್ ಹಾಕಿದ್ದೆ, ಬಚಾವಾದೆ.

ಹೊಸ ಹಾಯಿ ಕೊಳ್ಳಲು ಕೂಡಿಟ್ಟಿದ್ದ ದುಡ್ಡಲ್ಲಿ ಮೊದಲು ವ್ಯಾಂಗ್ ಸರಿಮಾಡಿದೆ. ಬಾವಿಯ ರಾಟೆ ಹಗ್ಗದ ದಿಕ್ಕನ್ನಷ್ಟೇ ಬದಲಿಸುತ್ತದೆ, ಅಲ್ವಾ? ಅದೇ ರಾಟೆ ಭಾರದ ಜೊತೆಗೇ ಚಲಿಸುವಂತಿದ್ದರೆ ಅರ್ಧ ಬಲ ಸಾಕು. ಅದರ ಹಗ್ಗದ ತುದಿಗೆ ಇನ್ನೊಂದು ಅಂಥ ರಾಟೆ ಹಾಕಿದರೆ ಕಾಲು ಭಾಗ. ಮೂರು ಹಾಕಿದರೆ ಎಂಟನೇ ಒಂದು. ಬದಲಿಗೆ ಎಂಟು ಪಟ್ಟು ಹಗ್ಗ ಎಳೆಯಬೇಕು. ನಾನು ಮೂರು ಹಾಕಿದೆ. ಗಂಟು ತೆಗೆದು, ಹಲ್ಲಲ್ಲಿ ಹಗ್ಗ ಕಚ್ಚಿ ಹಿಡಿಯುವ ಕ್ಲೀಟ್ ಕೂರಿಸಿದೆ. ಈಗ ಹಗ್ಗವನ್ನು ಒಂದು ಸಲ ಮೇಲಕ್ಕೆ ಜಗ್ಗಿದರೆ ಸಾಕು, ಬಿಟ್ಟುಕೊಡುತ್ತದೆ.

ರಾಟೆಗಳ ನಡುವೆ 4 ಮಿ.ಮೀ. ಡೈನೀಮಾ ಹಗ್ಗ, ಅಂದರೆ ತುಂಬಾ ಗಟ್ಟಿಯಾದ ಕೃತಕ ಎಳೆಗಳನ್ನು ಒಳಗೆ ಟೊಳ್ಳಾಗಿ ಹೆಣೆದದ್ದು. ಎಳೆದರೆ ಹಿಗ್ಗುವುದೇ ಇಲ್ಲ ಅನ್ನಬಹುದು. ಆದರೆ ತುಂಬಾ ನುಣುಪು, ಗಂಟು ಜಾರುತ್ತದೆ. ಗಂಟು ನಿಂತರೂ ಅಲ್ಲಿ ಹಗ್ಗದ ಬಲ ಅರ್ಧಕ್ಕೆ ಇಳಿಯಬಹುದು. ಹಾಗಾಗಿ ತುದಿಯನ್ನು ಹಗ್ಗದ ಹೊಟ್ಟೆಯೊಳಗೇ ತೂರಿಸಿ ಕುಣಿಕೆ ಮಾಡಬೇಕು. ಹಗ್ಗದ ದಪ್ಪದ 72 ಪಟ್ಟು ಒಳಗೆ ಹೋಗಬೇಕು ಅನ್ನುವುದು ಲೆಕ್ಕ. ಅಂದರೆ ಇಲ್ಲಿ ಸುಮಾರು 29 ಸೆಂ.ಮೀ. ಮಡಚಿದ ತೆಳು ತಂತಿಯಿಂದ ತೂರಿಸಿದೆ. ಮೊದಲ ಎರಡು ಕುಣಿಕೆ ಕೆಟ್ಟವು, ಮೂರನೆಯದು ನಿಂತಿತು. ಕೈಯಲ್ಲಿ ಹಿಡಿದು ಎಳೆಯುವ ತುದಿಗೆ ಮಾತ್ರ 6 ಮಿ.ಮೀ. ಪಾಲಿಯೆಸ್ಟರ್.

ಹಾಯಿಹಗ್ಗದಲ್ಲಿ ತಪ್ಪು ಮಾಡಿದೆ. ಹಗುರ ಅಂತ 5 ಮಿ.ಮೀ. ಡೈನೀಮಾ ಹಾಕಿದ್ದೆ. ಶೆಟ್ಟಿಹಳ್ಳಿ ಚರ್ಚಿನ ಕಡೆಗೆ ಹೋಗಿ ಬರುವಷ್ಟರಲ್ಲಿ ಅಂಗೈ ಸುಲಿದಿತ್ತು. ಇಡೀ ಹೊತ್ತು ಕೈಯಲ್ಲಿರುವ ಹಗ್ಗ ದಪ್ಪಗೆ, ಮೆತ್ತಗೆ ಇರಬೇಕು. ಈಗ 8 ಮಿ.ಮೀ. ಪಾಲಿಯೆಸ್ಟರ್ ಇದೆ. ಆ ಡೈನೀಮಾವನ್ನು ಸುಮ್ನೆ ಬಿಸಾಡಲಿಲ್ಲ, ಹಾಯಿಯ ತಳವನ್ನು ಬೂಮ್ ತುದಿಗೆ ಎಳೆಯಲು ಕತ್ತರಿಸಿಕೊಂಡೆ. ಅದರ ಕುಣಿಕೆ ಇನ್ನೂ ಮಾಡಬೇಕು.