ಲ್ಯಾಪ್‌ಟಾಪ್ ಸದಾ ಪ್ಲಗ್ಗಿನಲ್ಲೇ ಇರುತ್ತದಾ? ಬ್ಯಾಟರಿಗೆ 80ರ ಗಡಿ ಹಾಕಿ

ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯಿಂದಲೇ ಕೆಲಸ ಮಾಡುವವರು ಬೆಳಿಗ್ಗೆ ಚುಚ್ಚಿದ ಚಾರ್ಜರನ್ನು ರಾತ್ರಿಯವರೆಗೂ ತೆಗೆಯುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಎಂಬ ಭಯ. ನಾನೂ ಮೂರು ವರ್ಷ ಹಾಗೇ ಮಾಡಿದೆ. ಕೊನೆಗೊಂದು ಮಳೆಗಾಲದಲ್ಲಿ ಕರೆಂಟು ಹೋದಾಗ ಬ್ಯಾಟರಿ 20 ನಿಮಿಷಕ್ಕೇ ಕೈಕೊಟ್ಟಿತು.

ಓವರ್‌ಚಾರ್ಜ್ ಆಗಿ ಹಾಳಾಯಿತು ಅಂದರು ಕೆಲವರು. ಅದಲ್ಲ. ತುಂಬಿದ ಮೇಲೆ ಚಾರ್ಜಿಂಗ್ ತಾನಾಗಿ ನಿಲ್ಲುತ್ತದೆ, ಲ್ಯಾಪ್‌ಟಾಪ್ ಚಾರ್ಜರ್‌ನಿಂದಲೇ ಓಡುತ್ತದೆ. ತೊಂದರೆ ಇರುವುದು ತುಂಬಿಕೊಂಡೇ ಕೂರುವುದರಲ್ಲಿ. ಸಾಮಾನ್ಯ ಲಿಥಿಯಂ ಸೆಲ್ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ. ದಿನಗಟ್ಟಲೆ ಹಾಗೇ ಇದ್ದು, ಜೊತೆಗೆ ಬಿಸಿಯೂ ಸೇರಿದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ.

ಹಾಗಾಗಿ ಮೊದಲು, ಚಾರ್ಜು ಸುಮಾರು ಶೇ. 80ಕ್ಕೇ ನಿಲ್ಲುವಂತೆ ಗಡಿ ಹಾಕಿ. ಲೆನೊವೊ ಆದರೆ ವಾಂಟೇಜ್ ಆ್ಯಪ್‌ನಲ್ಲಿ ಕನ್ಸರ್ವೇಶನ್ ಮೋಡ್, ಆಸುಸ್ ಆದರೆ ಮೈಆಸುಸ್‌ನಲ್ಲಿ ಹುಡುಕಿ. ಡೆಲ್, ಎಚ್‌ಪಿಯ ಹಲವು ಮಾಡೆಲ್‌ಗಳಲ್ಲಿ ಬಯಾಸ್‌ನೊಳಗೇ, ಅಂದರೆ ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಆಮೇಲೆ 'ಪ್ಲಗ್ ಆಗಿದೆ, ಚಾರ್ಜ್ ಆಗುತ್ತಿಲ್ಲ' ಎಂದು ತೋರಿಸಿದರೆ ಗಾಬರಿಯಾಗಿ ಶಿವಮೊಗ್ಗದ ರಿಪೇರಿ ಅಂಗಡಿಗೆ ಓಡಬೇಡಿ. ಗಡಿ ಕೆಲಸ ಮಾಡುತ್ತಿದೆ, ಅಷ್ಟೇ.

ಇದರಿಂದ ವೇಗ ಕಡಿಮೆಯಾಗುವುದಿಲ್ಲ. ಅದರ ಗುಂಡಿಯೇ ಬೇರೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅಲ್ಲಿ ಪವರ್ ಅಂಡ್ ಬ್ಯಾಟರಿ. ಪವರ್ ಮೋಡ್‌ನಲ್ಲಿ 'ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿ. ಆದರೂ ನಿಧಾನ ಅನಿಸಿದರೆ ಚಾರ್ಜರ್ ತಿರುಗಿಸಿ ವ್ಯಾಟ್ ನೋಡಿ. 65 ಬೇಕಾದ ಕಡೆ 45ರದ್ದು ಚುಚ್ಚಿದರೆ ಹಲವು ಲ್ಯಾಪ್‌ಟಾಪ್‌ಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ.

ಮಳೆಗಾಲದಲ್ಲಿ ಕಂಬಳಿ ಹೊದ್ದು, ಅದರ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಸುಖ ನನಗೂ ಗೊತ್ತು. ಆದರೆ ಗಾಳಿ ಆಡುವ ತೂತು ಹೆಚ್ಚಾಗಿ ಕೆಳಗಡೆಯೇ ಇರುತ್ತದಲ್ವಾ? ಒಂದು ಮಣೆಯಾದರೂ ಇಡಿ.

ಇನ್ನು ನಮ್ಮೂರಿನ ಮಾತು. ಜೂನ್‌ನಲ್ಲಿ ಗಾಳಿಮಳೆ ಹಿಡಿದು, ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟು ಬಾರದೆಯೂ ಇರಬಹುದು. ಆಗ 80 ಸಾಲದು. ಮೋಡ ಕವಿಯುತ್ತಿದ್ದಂತೆ ಗಡಿ ತೆಗೆದು 100 ತುಂಬಿಸಿಕೊಳ್ಳಿ. ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ. ಕರೆಂಟು ಸರಿಹೋದ ಮೇಲೆ ಮತ್ತೆ ಗಡಿ ಹಾಕಲು ಮರೆಯಬೇಡಿ, ನಾನಂತೂ ಎರಡು ಸಲ ಮರೆತಿದ್ದೇನೆ.

ಗುಡುಗು ಕೇಳಿಸಿತೋ, ಚಾರ್ಜರ್ ಕಿತ್ತುಬಿಡಿ. ಸುಮ್ನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಗೋಡೆಯಿಂದ ಹೊರಬರಬೇಕು. ಇಂಟರ್ನೆಟ್ ವೈರು ಚುಚ್ಚಿದ್ದರೆ ಅದನ್ನೂ ತೆಗೆಯಿರಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.