ಡಿಕ್ರಿ ಹುಡುಕುವುದು, ಡಿಕ್ರಿ ಪಡೆಯುವುದು: ಎಂ.ಸಿ. (ವಿವಾಹ ಸಂಬಂಧಿ) ಪ್ರಕರಣಗಳಲ್ಲಿ ನನ್ನ ಅನುಭವ

ಎರಡನೇ ಮದುವೆ ನೋಂದಣಿಗೆ ಹೋದಾಗ, ವೀಸಾ ಅರ್ಜಿ ತುಂಬುವಾಗ, ಪಿಂಚಣಿ ಕಡತದಲ್ಲಿ ಹೆಸರು ಬದಲಿಸುವಾಗ ‘ಡೈವೋರ್ಸ್ ಸರ್ಟಿಫಿಕೇಟ್ ತನ್ನಿ’ ಅನ್ನುತ್ತಾರೆ. ಜನ ನೇರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೇಳುತ್ತಾರೆ, ಬರಿಗೈಲಿ ವಾಪಸ್ ಬರುತ್ತಾರೆ. ಮದುವೆಗೆ ನೋಂದಣಿ ಪ್ರಮಾಣಪತ್ರ ಇದೆ, ವಿಚ್ಛೇದನಕ್ಕೆ ಅಂಥದ್ದು ಇಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಬೇರೆಯಾದವರ ಕೈಯಲ್ಲಿರಬೇಕಾದ ಕಾಗದ ಎಂದರೆ ಕೋರ್ಟಿನ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು. ಎರಡೂ ಬೇಕು. ತೀರ್ಪಿನಲ್ಲಿ ಕಾರಣ ಇರುತ್ತದೆ, ಮದುವೆ ಇಂಥ ದಿನಕ್ಕೆ ರದ್ದಾಯಿತು ಎಂದು ಹೇಳುವ ಕಾಗದ ಡಿಕ್ರಿ.

ಹಳೇ ಡಿಕ್ರಿ ಹುಡುಕಿಸುವವರು, ಹೊಸದಾಗಿ ಅರ್ಜಿ ಹಾಕಿಸುವವರು, ಇಬ್ಬರೂ ನನ್ನ ಬಳಿ ಬರುತ್ತಾರೆ. ಇವೆರಡು ಬೇರೆ ಬೇರೆ ಕೆಲಸವಲ್ಲ. ಅರ್ಜಿಯ ಮೊದಲ ಪುಟದಲ್ಲಿ ಹೆಸರು, ಊರು, ತಾರೀಖು ಹೇಗೆ ಬರೆಯುತ್ತೇವೋ ಇಪ್ಪತ್ತು ವರ್ಷದ ಮೇಲೆ ಆ ಕಡತ ಸಿಗುವುದೂ ಹಾಗೆಯೇ.

ಮೊದಲು ಹುಡುಕುವ ಕೆಲಸ. ಪ್ರಕರಣದ ನಂಬರು ನೆನಪಿಲ್ಲದವರೇ ಹೆಚ್ಚು. ನಾನು ಮೊದಲು ಕೇಳುವುದು ನಂಬರನ್ನಲ್ಲ, ಊರುಗಳನ್ನು. ಕಾಯ್ದೆಯ 19ನೇ ಕಲಂ ಪ್ರಕಾರ ಅರ್ಜಿ ಹಾಕಬಹುದಾದ ಜಾಗಗಳು ಮುಖ್ಯವಾಗಿ ನಾಲ್ಕು: ಮದುವೆ ನಡೆದ ಊರು, ಎದುರುದಾರರು ವಾಸವಿದ್ದ ಊರು, ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗಿದ್ದ ಊರು, ಅರ್ಜಿ ಹಾಕಿದ್ದು ಹೆಂಡತಿಯಾದರೆ ಆಕೆ ಇದ್ದ ಊರು. ಈ ನಾಲ್ಕನೆಯದು 2003ರ ತಿದ್ದುಪಡಿಯಲ್ಲಿ ಬಂದದ್ದು. ಹಾಗಾಗಿ ಅದಕ್ಕೂ ಹಿಂದಿನ ಪ್ರಕರಣವನ್ನು ಹೆಣ್ಣಿನ ತವರೂರಿನಲ್ಲಿ ಹುಡುಕುವ ಮೊದಲು ಮದುವೆ ನಡೆದದ್ದು ಅಲ್ಲಿಯೇನಾ ಎಂದು ಕೇಳಿಕೊಳ್ಳಬೇಕು. ಧರ್ಮಸ್ಥಳದಲ್ಲಿ ಮದುವೆಯಾಗಿ ಬೆಂಗಳೂರಲ್ಲಿ ಸಂಸಾರ ಮಾಡಿದವರ ಕಡತ ಬೆಳ್ತಂಗಡಿ ತಾಲ್ಲೂಕಿನ ವ್ಯಾಪ್ತಿಯ ಕೋರ್ಟಿನಲ್ಲಿ ಇರುವುದೂ ಸಾಧ್ಯ. ಲಗ್ನಪತ್ರಿಕೆ ಇದ್ದರೆ ಈ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದನ್ನು ಬಿಸಾಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಊರು ಗೊತ್ತಾದ ಮೇಲೆ ಕೋರ್ಟು. ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ಈ ಅರ್ಜಿಗಳು ನಡೆಯುತ್ತವೆ. ಬೆಂಗಳೂರಿನದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ. ಪ್ರಕರಣ ನಡೆಯುತ್ತಿರುವಾಗಲೇ ಆ ಊರಿಗೆ ಕೌಟುಂಬಿಕ ನ್ಯಾಯಾಲಯ ಬಂದಿದ್ದರೆ ಕಡತ ಅಲ್ಲಿಗೆ ವರ್ಗವಾಗಿ ಹೊಸ ನಂಬರು ಬಿದ್ದಿರುತ್ತದೆ. ಕಕ್ಷಿದಾರರ ಬಳಿ ಇರುವುದು ಹಳೇ ನಂಬರು, ಡಿಕ್ರಿ ಆದದ್ದು ಹೊಸ ನಂಬರಿನಲ್ಲಿ. ಜಿಲ್ಲೆ ಒಡೆದ ಕಡೆಯೂ ಜಾಗ್ರತೆ ಬೇಕು. 1997ರಲ್ಲಿ ಆದ ಗದಗ, ಹಾವೇರಿ, 2007ರ ರಾಮನಗರ, ಚಿಕ್ಕಬಳ್ಳಾಪುರ, 2021ರ ವಿಜಯನಗರ, ಇಂಥ ಕಡೆಯ ಹಳೇ ಪ್ರಕರಣವಾದರೆ ಮೂಲ ಜಿಲ್ಲಾ ಕೇಂದ್ರದಲ್ಲೂ ಒಮ್ಮೆ ವಿಚಾರಿಸುತ್ತೇನೆ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಬಹುದು. ಪೂರ್ತಿ ಹೆಸರು ಹೊಡೆಯಬೇಡಿ. ಅಲ್ಲಿರುವುದು ಇಂಗ್ಲಿಷ್ ಕಾಗುಣಿತ. ಸವಿತಾ ಎಂಬ ಒಂದೇ ಹೆಸರನ್ನು ಒಬ್ಬರು ‘ಟಿಎಚ್‌ಎ’ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ‘ಟಿಎ’ ಹಾಕಿ. ಲಕ್ಷ್ಮಿಯಂತೂ ‘ಕೆಎಸ್‌ಎಚ್’ನಲ್ಲೂ ಇದ್ದಾಳೆ, ‘ಎಕ್ಸ್’ನಲ್ಲೂ ಇದ್ದಾಳೆ. ನಾನು ಹೆಸರಿನ ಮೊದಲ ಮೂರು ನಾಲ್ಕು ಅಕ್ಷರವಷ್ಟೇ ಕೊಟ್ಟು, ‘ವಿಲೇವಾರಿಯಾದವು’ ಆಯ್ಕೆ ಮಾಡಿ, ಅರ್ಜಿ ಹಾಕಿದ ವರ್ಷದ ಹಿಂದೊಂದು ಮುಂದೊಂದು ವರ್ಷವನ್ನೂ ನೋಡುತ್ತೇನೆ. ಅಲ್ಲಿ ಕೇಳುವುದು ಅರ್ಜಿ ದಾಖಲಾದ ವರ್ಷ. ಜನ ಹೇಳುವುದು ತೀರ್ಪಾದ ವರ್ಷ. ಬಹಳಷ್ಟು ಹುಡುಕಾಟ ವ್ಯರ್ಥವಾಗುವುದು ಇದರಿಂದಲೇ. ಪರಸ್ಪರ ಒಪ್ಪಿಗೆಯ ಪ್ರಕರಣದಲ್ಲಿ ಇಬ್ಬರೂ ಅರ್ಜಿದಾರರು, ಎದುರುದಾರರ ಜಾಗ ಖಾಲಿ ಇರುತ್ತದೆ ಎಂಬುದೂ ನೆನಪಿರಲಿ. ಸಿಕ್ಕಿದ ಕೂಡಲೇ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು (ಆ ಒಂದೇ ಪ್ರಕರಣಕ್ಕೆ ಸೇರಿದ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಮುಂದೆ ಅದೊಂದಿದ್ದರೆ ಸಾಕು.

ಗಣಕೀಕರಣಕ್ಕೆ ಹಿಂದಿನದಾದರೆ ಕೋರ್ಟಿನ ರಿಜಿಸ್ಟರೇ ಗತಿ. ಹಳೇ ವಕೀಲರ ಡೈರಿ, ಕೋರ್ಟಿನಿಂದ ಬಂದಿದ್ದ ಸಮನ್ಸ್, ಜೀವನಾಂಶದ ಆದೇಶ, ಮನೆಯಲ್ಲಿ ಯಾವುದಾದರೂ ಒಂದು ಚೀಟಿ ಇದ್ದೇ ಇರುತ್ತದೆ. ಅದರಲ್ಲಿ ‘ಎಂ.ಸಿ.’ ಎಂಬ ಎರಡಕ್ಷರದ ಮುಂದೆ ಇರುವ ಅಂಕಿ ನಮಗೆ ಬೇಕಾದದ್ದು. ‘ಕ್ರಿ.ಮಿಸ್.’ ಎಂದಿದ್ದರೆ ಅದು ಜೀವನಾಂಶದ ಪ್ರಕರಣ, ವಿಚ್ಛೇದನದ್ದಲ್ಲ. ಆದರೂ ಅದರ ಕಡತದೊಳಗೆ ಎಂ.ಸಿ. ನಂಬರಿನ ಉಲ್ಲೇಖ ಇರುವ ಸಂಭವ ಹೆಚ್ಚು.

ನಂಬರು ಸಿಕ್ಕರೆ ನಕಲು ವಿಭಾಗಕ್ಕೆ ಅರ್ಜಿ. ಪ್ರಕರಣದ ನಂಬರು, ಇಬ್ಬರ ಹೆಸರು, ತೀರ್ಪಿನ ತಾರೀಖು, ‘ತೀರ್ಪು ಮತ್ತು ಡಿಕ್ರಿ’ ಎಂದು ಬಿಡಿಸಿ ಬರೆದು ಕೋರ್ಟ್ ಫೀ ಸ್ಟಾಂಪು ಹಚ್ಚಿ ಕೊಡಬೇಕು. ಬರೀ ‘ಆದೇಶದ ನಕಲು’ ಎಂದು ಬರೆದರೆ ಆದೇಶ ಹಾಳೆ (ಆರ್ಡರ್ ಶೀಟ್, ದಿನದಿನದ ವಿಚಾರಣೆಯ ಟಿಪ್ಪಣಿ) ಕೈಗೆ ಬರುತ್ತದೆ, ಮತ್ತೆ ಮೊದಲಿಂದ ಅರ್ಜಿ. ಪ್ರಕರಣ ಒಪ್ಪಂದದಲ್ಲಿ ಮುಗಿದಿದ್ದರೆ ಒಪ್ಪಂದ ಪತ್ರದ ನಕಲನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ. ದಾಖಲೆ ಕೊಠಡಿಯಿಂದ ಕಡತ ಬಂದ ಮೇಲೆ ಪುಟ ಎಣಿಸಿ ಎಷ್ಟು ಹಣ ಕಟ್ಟಬೇಕೆಂದು ಸೂಚನಾ ಫಲಕದಲ್ಲಿ ಹಾಕುತ್ತಾರೆ. ಅದನ್ನು ನೋಡಿಕೊಳ್ಳದೆ ಬಿಟ್ಟರೆ ಅರ್ಜಿ ವಜಾ ಆಗುತ್ತದೆ.

ನಕಲು ಕೈಗೆ ಬಂದಾಗ ಅದರಲ್ಲಿ ಒತ್ತಿರುವ ಮುದ್ರೆಯನ್ನು ಓದಿ. ಅರ್ಜಿ ಕೊಟ್ಟ ದಿನ, ಹಣ ಕೇಳಿದ ದಿನ, ಹಣ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಲ್ಲ ಅಲ್ಲಿರುತ್ತವೆ. ಮೇಲ್ಮನವಿ ಹಾಕುವವರಿಗೆ ನಕಲಿಗಾಗಿ ಕಾದ ಕಾಲವನ್ನು ಗಡುವಿನಿಂದ ಕಳೆಯುವುದು ಈ ತಾರೀಖುಗಳ ಮೇಲೆ. ಮುದ್ರೆ ಮಸುಕಾಗಿದ್ದರೆ ಕೌಂಟರಿನಲ್ಲಿ ನಿಂತಿರುವಾಗಲೇ ಮತ್ತೊಮ್ಮೆ ಒತ್ತಿಸಿಕೊಳ್ಳಿ. ಜಾಲತಾಣದಿಂದ ಇಳಿಸಿಕೊಂಡ ಪಿಡಿಎಫ್ ಓದಿಕೊಳ್ಳಲು ಸರಿ, ಕಚೇರಿಗಳಿಗೆ ಕೊಡಲು ಆಗದು. ಇನ್ನೊಂದು, ಹಲವರಿಗೆ ಗೊತ್ತಿಲ್ಲದ್ದು: ಕಾಯ್ದೆಯ 23ನೇ ಕಲಂನ 4ನೇ ಉಪಕಲಂ ಪ್ರಕಾರ ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ಮೇಲೆ ಎರಡು ದೃಢೀಕೃತ ನಕಲು ಮಾಡಿಸಿಡಿ. ವಿದೇಶಕ್ಕೆ ಬೇಕಾದವರು ಅಪೋಸ್ಟಿಲ್ (ವಿದೇಶದಲ್ಲಿ ಒಪ್ಪುವಂತೆ ಸರ್ಕಾರ ಹಾಕುವ ದೃಢೀಕರಣ) ಮಾಡಿಸುವುದೂ ಈ ದೃಢೀಕೃತ ನಕಲಿನ ಮೇಲೆಯೇ.

ಬೇರೆಯವರ ಡಿಕ್ರಿ ಬೇಕೆಂದು ಬರುವವರಿದ್ದಾರೆ, ಹೆಚ್ಚಾಗಿ ಮಗಳಿಗೆ ಗಂಡು ನೋಡುತ್ತಿರುವ ತಂದೆ ತಾಯಿ. ಅವರ ಆತಂಕ ನ್ಯಾಯವಾದದ್ದೇ. ಆದರೆ 22ನೇ ಕಲಂ ಪ್ರಕಾರ ಈ ವಿಚಾರಣೆ ಗುಪ್ತ. ಮೂರನೆಯವರಿಗೆ ನಕಲು ಬೇಕಾದರೆ ಕಾರಣ ತೋರಿಸಿ ಕೋರ್ಟಿನ ಅನುಮತಿ ಪಡೆಯಬೇಕು, ಅದು ಸುಲಭವಲ್ಲ. ನಾನು ಹೇಳುವ ದಾರಿ ಬೇರೆ. ಹುಡುಗನನ್ನೇ ಹೊಸದಾಗಿ ದೃಢೀಕೃತ ನಕಲು ತರಲು ಕೇಳಿ. ಅದರಲ್ಲಿನ ನಂಬರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ತೀರ್ಪಿನ ತಾರೀಖು ತಾಳೆ ನೋಡಿ. ಡಿಕ್ರಿ ಏಕಪಕ್ಷೀಯವಾಗಿದ್ದರೆ (ಎದುರುದಾರರು ಕೋರ್ಟಿಗೆ ಬಾರದೆ ಆದದ್ದಾದರೆ) ಅದನ್ನು ರದ್ದು ಮಾಡಲು ಅರ್ಜಿ ಬಿದ್ದಿದೆಯೇ, ಹೈಕೋರ್ಟಿನಲ್ಲಿ ಮೇಲ್ಮನವಿ ಇದೆಯೇ ಎಂದು ಕೇಳಿ. ಬೆಂಗಳೂರು, ಧಾರವಾಡ, ಕಲಬುರಗಿ, ಮೂರು ಪೀಠಗಳಲ್ಲಿ ಆ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿ ನೋಡಬೇಕು. ಮೇಲ್ಮನವಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 30 ದಿನ ಅನ್ನುತ್ತದೆ, ಹಿಂದೂ ವಿವಾಹ ಕಾಯ್ದೆಯ 28ನೇ ಕಲಂ 90 ದಿನ ಅನ್ನುತ್ತದೆ. ವಾದಕ್ಕೆ ಎಡೆ ಕೊಡದೆ 90 ದಿನ ಕಳೆಯಲಿ, ಆಮೇಲೆ ಲಗ್ನ ಇಡಿ.

ನೂರು ರೂಪಾಯಿ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ‘ಬಿಡುಗಡೆ ಪತ್ರ’, ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಎನ್ನುವ ಇಂಥದ್ದೇ ಕಾಗದ, ಇವನ್ನು ತಂದು ತೋರಿಸುವವರಿಗೆ ನಿಜ ಹೇಳಲು ಕಷ್ಟವಾಗುತ್ತದೆ. 29ನೇ ಕಲಂ ಸಮುದಾಯದ ರೂಢಿಯ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಆ ರೂಢಿ ಇತ್ತು ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆ ಚೀಟಿ ನಂಬಿ ಮತ್ತೊಂದು ಮದುವೆಯಾದ ಹೆಣ್ಣುಮಗಳ ಮದುವೆಯೇ ಅಸಿಂಧು ಎನ್ನಿಸಿಕೊಳ್ಳುವ ಅಪಾಯವಿದೆ. ಹತ್ತು ವರ್ಷ ಬೇರೆ ಇದ್ದರೂ ತಾನಾಗಿ ವಿಚ್ಛೇದನ ಆಗುವುದಿಲ್ಲ.

ಇನ್ನು ಹೊಸ ಅರ್ಜಿ. ಪರಸ್ಪರ ಒಪ್ಪಿಗೆಯದ್ದನ್ನೇ ಹೇಳುತ್ತೇನೆ, 13ಬಿ ಕಲಂ. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಎಂದರೆ ಬೇರೆ ಮನೆ ಎಂದೇ ಅಲ್ಲ, ಗಂಡ ಹೆಂಡತಿಯಾಗಿ ಬಾಳದೆ ಇರುವುದು. ಸುಪ್ರೀಂ ಕೋರ್ಟ್ ಇದನ್ನು 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಡಿಕ್ರಿ ಆಗುವವರೆಗೆ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಅದಕ್ಕಾಗಿ ಪೂರ್ತಿ ಹಣ ಮೊದಲೇ ಕೊಡಿಸುವುದಿಲ್ಲ. ಒಂದು ಭಾಗ ಅರ್ಜಿ ಹಾಕುವ ದಿನ, ಉಳಿದದ್ದು ಇಬ್ಬರೂ ಕೋರ್ಟಿನಲ್ಲಿ ಒಪ್ಪಿಗೆಯ ಎರಡನೇ, ಅಂದರೆ ಕೊನೆಯ ಹೇಳಿಕೆ ಕೊಡುವ ದಿನ ಡಿಡಿಯಾಗಿ ನ್ಯಾಯಾಧೀಶರ ಎದುರೇ.

ಜೊತೆಗೆ ಬೇಕಾದದ್ದು: ಲಗ್ನಪತ್ರಿಕೆ, ಮದುವೆಯ ಫೋಟೋ, ನೋಂದಣಿ ಆಗಿದ್ದರೆ ಪ್ರಮಾಣಪತ್ರ, ಇಬ್ಬರ ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಅರ್ಜಿಯ ನಿಜತ್ವಕ್ಕೆ ಇಬ್ಬರದೂ ಅಫಿಡವಿಟ್. ನಾನು ಹೆಚ್ಚು ಹೊತ್ತು ಕೂರುವುದು ಹೆಸರಿನ ಮೇಲೆ. ಆಧಾರಿನಲ್ಲಿ ಗಂಡನ ಹೆಸರು ಸೇರಿದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಮೂರನೇ ರೂಪ. ಮೊದಲ ಪುಟದಲ್ಲೇ ‘ಉರುಫ್’ ಹಾಕಿ ಎಲ್ಲ ರೂಪವನ್ನೂ ಸೇರಿಸುತ್ತೇನೆ. ಡಿಕ್ರಿಯಲ್ಲಿ ಬರುವುದು ಈ ಮೊದಲ ಪುಟವೇ. ಮದುವೆಯ ತಾರೀಖು ಎರಡು ದಿನದ ಲಗ್ನವಾದರೆ ಧಾರೆಯ ದಿನ, ಆರತಕ್ಷತೆಯ ದಿನವಲ್ಲ. ನೋಂದಣಿ ಪ್ರಮಾಣಪತ್ರದಲ್ಲಿ ಇರುವುದಕ್ಕೆ ಅದು ಹೊಂದಬೇಕು.

ಒಪ್ಪಂದದಲ್ಲಿ ಜೀವನಾಂಶದ ಮೊತ್ತ, ಮಗು ಯಾರ ಬಳಿ, ಭೇಟಿ ಯಾವ ವಾರ ಎಷ್ಟು ಗಂಟೆಗೆ, ಒಡವೆ ಎಷ್ಟು ಗ್ರಾಂ, ಯಾವ ದಿನ ಹಿಂದಿರುಗಿತು, ಎಲ್ಲವನ್ನೂ ಬರೆಯಿರಿ. ‘ಎಲ್ಲ ಬಾಕಿ ಚುಕ್ತಾ’ ಎಂಬ ಒಂದೇ ಸಾಲು ಸಾಲದು. ಕ್ರಿಮಿನಲ್ ಪ್ರಕರಣ ನಡೆಯುತ್ತಿದ್ದರೆ ಅದರ ನಂಬರು ಹಾಕಿ, ಹೈಕೋರ್ಟಿನಲ್ಲಿ ರದ್ದುಪಡಿಸಲು ದೂರುದಾರರು ಯಾವಾಗ ಸಹಿ ಮಾಡುತ್ತಾರೆ ಎಂಬುದೂ ಇರಲಿ. ಡಿಕ್ರಿ ಆದ ಮೇಲೆ ಈ ಒಂದು ಸಹಿಗಾಗಿ ಅಲೆಯುವುದು ತುಂಬ ನೋವಿನ ಕೆಲಸ.

ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ ಎರಡನೇ ಹೇಳಿಕೆ. ಆರು ತಿಂಗಳ ಕಾಯುವಿಕೆಯನ್ನು ಕೋರ್ಟ್ ಬಿಡಬಹುದು ಎಂದು 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳಿತು. ಮೊದಲ ಹೇಳಿಕೆಯಾದ ಒಂದು ವಾರದ ಮೇಲೆ ಅರ್ಜಿ ಹಾಕಬಹುದು. ಆದರೆ ಮೊದಲ ಅರ್ಜಿಗೆ ಮುನ್ನವೇ ಬೇರೆ ಇದ್ದ ಕಾಲ ಒಂದೂವರೆ ವರ್ಷ ದಾಟಿರಬೇಕು, ರಾಜಿ ಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ವಿಷಯ ನಿಜವಾಗಿ ಇತ್ಯರ್ಥವಾಗಿರಬೇಕು. ಬೇರೆಯಾದ ತಾರೀಖನ್ನು ಅರ್ಜಿಯಲ್ಲಿ ‘ಸುಮಾರು’ ಎಂದು ಬರೆದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಹಣವಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ವಿದೇಶದಲ್ಲಿರುವವರು ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದರೆ, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಬೇಕು.

ತೀರ್ಪಾದ 15 ದಿನದೊಳಗೆ ಡಿಕ್ರಿ ಬರೆಯಬೇಕೆಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮ. ನಾನು ಹದಿನಾರನೇ ದಿನ ಹೋಗಿ ಶಿರಸ್ತೇದಾರರನ್ನು ಕೇಳುತ್ತೇನೆ. ನಕಲು ಬಂದ ದಿನವೇ ಕಕ್ಷಿದಾರರನ್ನು ಕೂರಿಸಿಕೊಂಡು ಹೆಸರು, ತಂದೆಯ ಹೆಸರು, ಮದುವೆಯ ತಾರೀಖು, ಊರು, ಒಂದೊಂದನ್ನೂ ಗಟ್ಟಿಯಾಗಿ ಓದಿಸುತ್ತೇನೆ. ಒಂದು ಅಕ್ಷರ ತಪ್ಪಿದ್ದರೂ ಅದೇ ವಾರ ಸಂಹಿತೆಯ 152ನೇ ಕಲಂನಡಿ ತಿದ್ದುಪಡಿಗೆ ಅರ್ಜಿ. ಕಡತ ಇನ್ನೂ ಅದೇ ಕೋರ್ಟಿನ ಕಪಾಟಿನಲ್ಲಿರುತ್ತದೆ, ದಾಖಲೆ ಕೊಠಡಿಗೆ ಹೋಗಿರುವುದಿಲ್ಲ.